ಹತ್ತೊಂಬತ್ತರ ತನಕ

ಖರಾಡಿಯ ಈ ನಾಲ್ಕನೆಯ ಮಹಡಿಯಲ್ಲಿ
ಜಗಳ ಮರಾಠಿಯಲ್ಲಿ, ಗೇಲಿ ಹಿಂದಿಯಲ್ಲಿ,
ಕ್ಷಮೆ ಇಂಗ್ಲಿಷಿನಲ್ಲಿ.
ಎಣಿಕೆ ಮಾತ್ರ, ನನ್ನೊಬ್ಬಳದು, ಕನ್ನಡದಲ್ಲಿ.

ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಳ್ಳಬೇಕು,
ಅಷ್ಟಕ್ಕೇ ನನಗೆ ಸಂಬಳ.
ಮುಚ್ಚಿಕೊಳ್ಳಲಾಗದ್ದಕ್ಕೆ ಎಣಿಸುತ್ತೇನೆ
ಒಂದ, ಎರಡ, ಮೂರ,
ಅಕ್ಕಲಕೋಟದ ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ರಾಗದಲ್ಲೇ.
ಏಳು ದಾಟಿದ್ದಿಲ್ಲ ಯಾವತ್ತೂ.
ಏಳಕ್ಕೆ ನಾನೇ ಒಂದು ಉತ್ತರ ಕೊಟ್ಟುಬಿಡುವೆ,
ಎಲ್ಲರೂ ಹೂಂ ಅಂದು ಚಹಾಕ್ಕೆ ಏಳುವರು.

ಆ ಶುಕ್ರವಾರ ಮಧ್ಯಾಹ್ನ ಮೂರು.
ಸ್ಪ್ರಿಂಟ್ ಮುಗಿದಿದೆ, ಕೆಲಸ ಮುಗಿದಿಲ್ಲ.
ಎರಡು ವಾರದ ಹಾಸಿಗೆ,
ಮೂರು ವಾರದ ಕಾಲು.
ಬುಧವಾರ ರಾತ್ರಿ ಬಿಟ್ಟದ್ದನ್ನು
ಗುರುವಾರ ನಸುಕಿನಲ್ಲಿ ವಾಪಸು ತೆಗೆದವರು
ಕಣ್ಣಿಗಿನ್ನೂ ಪರದೆಯ ಬೆಳಕು ಮೆತ್ತಿಕೊಂಡೇ ಕೂತಿದ್ದರು.
ನೌಷಾದ್ ಮುಲ್ಲಾನಿ ಕುರ್ಚಿ ತಿರುಗಿಸುತ್ತ,
ಹೇರಂಬ ದಾತಾರ ಫೋನು ಮಗುಚಿಟ್ಟು, ಮತ್ತೆ ನೆಟ್ಟಗಿಟ್ಟು.
ಝೇಲಮ್ ವಾಘಚೌರೆ ಕಿಟಕಿಯ ಹತ್ತಿರ,
ಮನೆಯಿಂದ ತಂದ ತನ್ನ ಹಸಿರು ಮಾರ್ಕರ್ ಹಿಡಿದು.

ಹಳದಿ ಚೀಟಿ ಹಂಚಿದೆ.
ಚೆನ್ನಾದದ್ದು ಒಂದು ಕಡೆ, ಕೆಟ್ಟದ್ದು ಇನ್ನೊಂದು ಕಡೆ.
'ಒಳ್ಳೆಯ ಟೀಮ್‌ವರ್ಕ್' ಆರು ಸಲ,
ಮದುವೆಮನೆಯಲ್ಲಿ ಊಟ ಚೆನ್ನಾಗಿತ್ತು ಅಂದಂತೆ.
'ಸಂವಹನ ಸುಧಾರಿಸಬೇಕು',
ಯಾರದು, ಯಾರ ಜೊತೆ, ಬರೆದಿಲ್ಲ.
ಮೂಲೆಯಲ್ಲೊಂದು ಚೀಟಿಯಲ್ಲಿ ಏನೂ ಇಲ್ಲ.
ಎಸಿ ಗಾಳಿಗೆ ಅದರ ತುದಿ
ಏಳುತ್ತಿತ್ತು, ಮಲಗುತ್ತಿತ್ತು.

'ಇದು?' ಅಂದೆ.
ಒಂದ. ಎರಡ.
ಮೌನ ಸಮ್ಮತಿ ಅನ್ನುತ್ತಾರೆ,
ಅಂದವರು ಇಂಥ ಕೋಣೆಯಲ್ಲಿ ಕೂತವರಲ್ಲ.
ಆರ. ಏಳ.
ನಾಲಗೆಯ ಮೇಲೆ ಜೋಕೊಂದು ತಯಾರಿತ್ತು,
ನುಂಗಿದೆ.
ಹನ್ನೊಂದ. ಕೆಳಗೆ ಸಿಗ್ನಲ್ಲಿನಲ್ಲಿ ಪಿಎಂಪಿ ಬಸ್ಸು ಉಸಿರುಬಿಟ್ಟಿತು.
ಹದಿನಾಕ. ನೌಷಾದನ ಕುರ್ಚಿ ನಿಂತಿತು.
ಹತ್ತೊಂಬತ್ತಕ್ಕೆ ಝೇಲಮ್,
'ನನ್ನದು.'

'ಮೂರು ಸಲ ಬರೆದೆ.
ಟೆಸ್ಟಿಂಗಿಗೆ ಸರ್ವರ್ ಒಂದು, ಟೀಮು ಎರಡು.
ನಾನಿತ್ತ ನೋಡುತ್ತಿರುವಾಗಲೇ
ಅತ್ತ ಅವರು ಹೊಸ ಕೋಡ್ ಸುರಿಯುತ್ತಾರೆ.
ನಾನು ಪಾಸು ಅಂದದ್ದೇ ಬೇರೆ, ನೀವು ಕಳಿಸಿದ್ದೇ ಬೇರೆ.
ಮೂರು ಸಲವೂ ಮೇಡಂ ಫೋಟೋ ತೆಗೆದರು.
ಈ ಸಲ ಶಾಯಿ ಉಳಿಸಿದೆ.'

ಫೋನು ತೆರೆದೆ.
ಗಣಪತಿ ಕೂರಿಸಿದ ವಾರದ ಗೋಡೆ,
ಪಿತೃಪಕ್ಷದ ಗೋಡೆ,
ಘಟಸ್ಥಾಪನೆಯ ಮರುದಿನದ್ದು.
ಮೂರರಲ್ಲೂ ಅದೇ ಹಸಿರು ಅಕ್ಷರ,
ಸಿಂಹಗಡದ ಸೆಲ್ಫಿಗಳ ನಡುವೆ.
ಫೋಟೋ ಚೆನ್ನಾಗಿಯೇ ಬಂದಿದ್ದವು.

'ತಪ್ಪು ನನ್ನದು' ಅಂದೆ.
ಇಲ್ಲ ಇಲ್ಲ ಅಂತ ಯಾರೂ ಅನ್ನಲಿಲ್ಲ.

ಆಮೇಲೆ ನಾನೇನೂ ಮಾಡಲಿಲ್ಲ.
ಹೇರಂಬ ಎದ್ದು ಬೋರ್ಡಿನ ಮೇಲೆ ಎರಡು ಚೌಕ ಗೀಚಿದ,
ನೌಷಾದ್ ಒಂದನ್ನು ಅಳಿಸಿದ,
ಝೇಲಮ್ ಅವನ ಕೈಯ ಡಸ್ಟರ್ ಕಸಿದುಕೊಂಡಳು.
ದನಿ ಏರಿತು. ಗಾಜಿನಾಚೆಯಿಂದ ಮ್ಯಾನೇಜರು
ಏನದು ಅನ್ನುವಂತೆ ಹುಬ್ಬು ಹಾರಿಸಿ
ಹಿಡಿಕೆಗೆ ಕೈ ಹಾಕಿದರು.
ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.
ಮಾಡಿದ್ದು ಅದೊಂದು.

ಕೊನೆಗೆ ಗೆದ್ದದ್ದು ಇಷ್ಟೇ:
ಹನ್ನೊಂದರಿಂದ ಒಂದರವರೆಗೆ ಸರ್ವರ್ ಝೇಲಮಳದು.
ಪಕ್ಕದ ಟೀಮಿಗೆ ಹೇಳಿಬರಲು ನೌಷಾದ್,
ಅವರ ಕ್ರಿಕೆಟ್ಟಿನ ವಿಕೆಟ್ ಕೀಪರ್ ಇವನೇ.
ಎರಡು ವಾರ ನೋಡೋಣ.

ಸೋಮವಾರ ಮುಂಢ್ವಾ ಸೇತುವೆಯ ಮೇಲೆ ಟ್ರಕ್ಕೊಂದು ಕೆಟ್ಟು
ನಾನು ಹದಿನೆಂಟು ನಿಮಿಷ ತಡ.
ಏದುಸಿರು ಬಿಡುತ್ತ ಬಂದರೆ
ಬೋರ್ಡಿನ ಮುಂದೆ ಯಾರೂ ಇಲ್ಲ.
ನಿಂತು ಮಾತಾಡುವುದು ಮುಗಿಸಿ
ಪರದೆಗಿಬ್ಬರಂತೆ ಕೂತೇಬಿಟ್ಟಿದ್ದಾರೆ.
ಕಾಯಲಿಲ್ಲ.
ಇದಕ್ಕೇ ತಾನೆ ಎರಡು ವರ್ಷ ಒದ್ದಾಡಿದ್ದು?
ಆದರೂ ಪಕ್ಕೆಯಲ್ಲಿ ಸಣ್ಣಗೆ ಚುರುಕ್ಕೆಂದಿತು.

ಬ್ಯಾಗು ಇಳಿಸುವಾಗ ಕಂಡೆ,
'ಮಾಡಬೇಕಾದ್ದು' ಎಂಬಲ್ಲಿ ಹೊಸ ಚೀಟಿ,
ಬಣ್ಣ ತೀರುತ್ತ ಬಂದು
ಅರ್ಧಂಬರ್ಧ ಮೂಡಿದ ಅಕ್ಷರ:
ಮಹಾದೇವಿ. ಮಾರ್ಕರ್ ತರುವುದು. ಹಸಿರು.