ಊಟ ಆರು, ಶೆಟ್ಲಿ ಒಂದು

ಕಾರವಾರದ ಕೋರ್ಟಿನಲ್ಲಿ ಅವತ್ತು ತಾರೀಖು.
ಅಂಕೋಲೆಯಿಂದ ಏಳೂವರೆಯ ಬಸ್ಸು.
ಮುಂದಿನ ಸೀಟಲ್ಲಿ ಹಮ್ಮಣ್ಣ ಚಿಕ್ಕಪ್ಪ, ಚಿಕ್ಕಿ, ಲಲಿತೆ;
ಹಿಂದೆ, ಚಕ್ರದ ಮೇಲಿನ ಸೀಟಲ್ಲಿ ನಾವು ಮೂವರು.
ನಡುವೆ ಇಪ್ಪತ್ತು ತಲೆ, ಎರಡು ಖಾಲಿ ಮೀನುಬುಟ್ಟಿ,
ಮತ್ತು ಮೂರು ಗುಂಟೆ ಗಜನಿ.

ಬಿಣಗಾ ಘಟ್ಟದ ತಿರುವಿನಲ್ಲಿ ಸಮುದ್ರ
ಎಡಕ್ಕೆ ಬಂದು ಮುಖ ತೋರಿಸಿ ಹೋಯಿತು.
ಲಲಿತೆ ಕಿಟಕಿಯಾಚೆ ವಾಂತಿ ಮಾಡಿದಳು.
ಅಮ್ಮ ಚೀಲದಿಂದ ಲಿಂಬೆಹಣ್ಣು ತೆಗೆದವಳು
ಅಪ್ಪನ ಕತ್ತಿನ ನರ ನೋಡಿ
ಮತ್ತೆ ಚೀಲಕ್ಕೇ ಹಾಕಿದಳು.

ಜಡ್ಜರು ರಜೆ.
ಶಾನಭಾಗ ವಕೀಲರು ಮುಂದಿನ ತಾರೀಖು ಬರೆದುಕೊಟ್ಟು
"ಇಷ್ಟು ದೂರ ಬಂದೀರಿ, ಮೀನೂಟ ಮಾಡ್ಕೊಂಡೇ ಹೋಗಿ" ಅಂದರು,
ಹೋಟೆಲಿಗೆ ದಾರಿಯನ್ನೂ ಹೇಳಿದರು.
ಆಚೆ ಕಡೆಯ ವಕೀಲರೂ ಅದನ್ನೇ ಹೇಳಿರಬೇಕು.

ಮಾರ್ಕೆಟ್ಟಿನ ಹಿಂದೆ ತಗಡಿನ ಮಾಡು,
ಗಲ್ಲೆಯ ಮೇಲೆ ಕೊಂಕಣಿಯಲ್ಲಿ ಬೈಯುವ ಯಜಮಾನ.
ಬಾಗಿಲವರೆಗೂ ಜನ.
ಕೈತೊಳೆಯುವ ಜಾಗದ ಪಕ್ಕ ಒಂದೇ ಮೇಜು,
ಆರು ಕುರ್ಚಿ.
ಮೂರರಲ್ಲಿ ಅವರು ಕೂತಿದ್ದರು.

ಅಪ್ಪ ತಿರುಗಿ ಹೊರಡುತ್ತಿದ್ದರೇನೋ,
ಮಾಣಿ ಕುಷ್ಟ ನನ್ನ ಭುಜ ಹಿಡಿದು
ಲಲಿತೆಯ ಪಕ್ಕ ಕೂರಿಸಿಬಿಟ್ಟ.
ಅವನ ತಪ್ಪೇನಿಲ್ಲ.
ಸಾಯುವ ಮುಂಚಿನ ದೀಪಾವಳಿಗೆ ಅಜ್ಜಿ
ಒಂದೇ ತಾನಿನಿಂದ ಹರಿಸಿದ ಬಟ್ಟೆ ನಮ್ಮಿಬ್ಬರ ಫ್ರಾಕಿಗೂ:
ನೀಲಿ ಮೇಲೆ ಬಿಳಿ ಕೊಡೆಗಳು.
ನನ್ನದರಲ್ಲಿ ಎಡಗಡೆ ಒಂದು ಕೊಡೆ ಹೊಲಿಗೆಯಲ್ಲಿ ಮುರಿದಿತ್ತು.

ಕುಚಲಕ್ಕಿ ಅನ್ನದ ಗುಡ್ಡೆ ಬಂತು,
ಜುಮ್ಮನಕಾಯಿ ಹಾಕಿದ ಬಂಗಡೆ ಸಾರು,
ಗುಲಾಬಿ ಬಣ್ಣದ ಸೋಲ್‌ಕಡಿ, ಸ್ಟೀಲಿನ ಲೋಟದಲ್ಲಿ.
ಯಾರೂ ಮಾತಾಡಲಿಲ್ಲ.
ಅಪ್ಪ, ಚಿಕ್ಕಪ್ಪ ಇಬ್ಬರೂ ಬಂಗಡೆಯ ಬೆನ್ನುಮೂಳೆಯನ್ನು
ಬಾಲದಿಂದ ಎಳೆದು ಒಂದೇ ಸಲಕ್ಕೆ ಬಿಡಿಸಿದರು,
ತಟ್ಟೆಯ ಬಲತುದಿಯಲ್ಲಿ ಒರಗಿಸಿಟ್ಟರು.
ಹಾಗೆ ಬಿಡಿಸುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಯಾರೂ ಹೇಳದ ಶೆಟ್ಲಿ ಫ್ರೈ,
ಒಂದು ಪ್ಲೇಟು, ಬಿಸಿಬಿಸಿ,
ಮೇಜಿನ ನಟ್ಟನಡುವೆ.
ಹೊಗೆ ಎರಡೂ ಕಡೆ ಹೋಯಿತು.
ಅಪ್ಪ ಗೋಡೆ ನೋಡಿದರು.
ಚಿಕ್ಕಪ್ಪ ಅದೇ ಗೋಡೆ ನೋಡಿದರು.
ಗಜನಿಯ ಜಂತ್ರಡಿ ಬಾಗಿಲಿಗೆ ಬಲೆ ಕಟ್ಟಿ
ಇಬ್ಬರೂ ಒಂದೇ ಕಂದೀಲು ಹಿಡಿದು ಕಾಯುತ್ತಿದ್ದದ್ದು
ಇದೇ ಶೆಟ್ಲಿಯನ್ನು. ನನಗಾಗ ಅದೆಲ್ಲ ಗೊತ್ತಿರಲಿಲ್ಲ.

ಅಮ್ಮ ಯಾರನ್ನೂ ನೋಡದೆ
ಮೊಣಕೈಯಿಂದ ಪ್ಲೇಟನ್ನು ಇಷ್ಟೇ ಇಷ್ಟು
ಚಿಕ್ಕಿಯ ಕಡೆ ಸರಿಸಿದಳು.
ಚಿಕ್ಕಿಗೆ ಆಗ ಐದು ತಿಂಗಳು.
ತಿಂದಳು. ಒಂದೊಂದೇ, ತಲೆ ಬಗ್ಗಿಸಿ,
ಬಾಲವನ್ನೂ ಬಿಡದೆ.
ಲಲಿತೆ ಒಂದು ಕದ್ದಳು, ಅರ್ಧ ನನಗೆ ಕೊಟ್ಟಳು.

ಬಿಲ್ಲು ಬಂತು. ಒಂದೇ.
ಊಟ ಆರು, ಶೆಟ್ಲಿ ಒಂದು.
ಅಪ್ಪ ಮೂರು ಊಟದ್ದು ಎಣಿಸಿಟ್ಟರು,
ಚಿಕ್ಕಪ್ಪ ಮೂರರದ್ದು.
"ಶೆಟ್ಲಿ ನಾವು ಹೇಳಿಲ್ಲ."
"ನಾವೂ ಹೇಳಿಲ್ಲ."
ಎಂಟು ತಿಂಗಳಲ್ಲಿ ಅವರಾಡಿದ ಮೊದಲ ಮಾತು,
ಅದೂ ಕುಷ್ಟನಿಗೆ.

ಅಮ್ಮ ಕರ್ಚೀಪಿನ ಗಂಟು ಬಿಚ್ಚಿದಳು.
ಕೈತೊಳೆಯಲು ಎಲ್ಲರಿಗಿಂತ ಮುಂಚೆ ಹೋದವಳು ಅವಳು,
ಕುಷ್ಟನ ಹತ್ತಿರ ಏನೋ ಅಂದದ್ದನ್ನು
ನಲ್ಲಿಯ ಸದ್ದಿನಲ್ಲಿ ನಾನೊಬ್ಬಳೇ ಕಂಡಿದ್ದೆ.
ಅಪ್ಪ ಅವಳ ಕೈ ನೋಡಿದರು.
ಬಿಲ್ಲನ್ನು ನಾಲ್ಕು ಮಡಿಕೆ ಮಾಡಿ ಫೈಲಿಗೆ ಹಾಕಿದರು,
ಖರ್ಚಿನ ಲೆಕ್ಕಕ್ಕೆ.

ವಾಪಸಿನ ಬಸ್ಸಿನಲ್ಲಿ
ಅವರು ಹಿಂದೆ, ನಾವು ಮುಂದೆ.

ಕೇಸು ಇನ್ನೂ ಹನ್ನೊಂದು ವರ್ಷ ನಡೆಯಿತು.
ಯಾರು ಗೆದ್ದರೆಂದು ಕೇಳಬೇಡಿ,
ಗಜನಿಗೆ ಉಪ್ಪುನೀರು ನುಗ್ಗಿ ಕಗ್ಗವೂ ಬೆಳೆಯುವುದಿಲ್ಲ ಈಗ.
ಮೊನ್ನೆ ಫೈಲು ಬಿಚ್ಚಿದೆ.
ವಕೀಲರ ಗುಮಾಸ್ತ ಆ ಬಿಲ್ಲಿಗೂ ನಂಬರು ಹಾಕಿ
ದಾರ ಪೋಣಿಸಿದ್ದಾನೆ: ಪುಟ ನಲವತ್ತೊಂದು.
ಎಣ್ಣೆ ಕೆಳಗಿನ ಪಹಣಿಗೂ ಇಳಿದಿದೆ.
ಸರ್ವೆ ನಂಬರಿನ ಕೊನೆಯ ಅಂಕೆ
ಆರೋ ಒಂಬತ್ತೋ,
ಬೆಳಕಿಗೆ ಹಿಡಿದರೂ ತಿಳಿಯುವುದಿಲ್ಲ.