ನಕ್ಷೆಗೆ ಸೇರದ ಫರ್ಲಾಂಗು

ಬಿಸಿಲೆ ಗೇಟಿನಲ್ಲಿ ನನ್ನದೊಂದು ದಪ್ಪ ರಿಜಿಸ್ಟರು.
ಹೆಸರು, ಊರು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು,
ಕೊನೆಯ ಕಾಲಂ ಪ್ಲಾಸ್ಟಿಕ್ಕಿನದು:
ಒಯ್ದದ್ದೆಷ್ಟು, ವಾಪಸ್ಸು ತಂದದ್ದೆಷ್ಟು.
ತಾಳೆಯಾಗದಿದ್ದರೆ ಗೇಟು ಏಳುವುದಿಲ್ಲ.
ಒಮ್ಮೆ ಒಂದು ಚಾಕಲೇಟು ಕಾಗದಕ್ಕೆ
ಹನ್ನೊಂದು ಜನರನ್ನು ತಿರುಗಿ ಹೊಳೆಗೆ ಅಟ್ಟಿದೆ.
ಸಂಜೆ ಸಿಕ್ಕಿತು, ನನ್ನದೇ ಜೇಬಿನಲ್ಲಿ,
ಬೆಳಗ್ಗೆ ನಾನೇ ಹೆಕ್ಕಿ ಇಟ್ಟುಕೊಂಡದ್ದು.
ಯಾರಿಗೂ ಹೇಳಿಲ್ಲ.

ಮಾಘದಲ್ಲಿ ಹಾಸನದ ಕಚೇರಿಯಿಂದ
ಸರ್ವೆಗೆ ಬಂದರು ಮೆಹರುನ್ನೀಸಾ ಮೇಡಂ.
ಕೈಯಲ್ಲಿ ಆಕಾಶದ ಜೊತೆ ಮಾತಾಡುವ ಹಳದಿ ಡಬ್ಬಿ,
ಕಾಲುಚೀಲದ ತುಂಬ ನಶ್ಯದ ಪುಡಿ, ಉಂಬಳಕ್ಕೆ.
"ಚಾರಣದ ದಾರಿ ಮೂರು ಗುರುತಿಸಬೇಕು ಹೂವಣ್ಣ,
ತಿರುವಿಗೆಲ್ಲ ಹೆಸರು ಬೇಕು ನನಗೆ."

ಹೇಳಿದೆ.
ಕೋಣ ಜಾರಿದ ಬಂಡೆ.
ಎರಡಾಣೆ ಕಡವು, ಹೊಳೆ ದಾಟಿಸಲು ನನ್ನ ಮುತ್ತಜ್ಜ
ತಲೆಗೆ ಎರಡಾಣೆ ಇಸಕೊಳ್ಳುತ್ತಿದ್ದ ಜಾಗ,
ಬಾಣಂತಿಗೆ ಪುಕ್ಕಟೆ.
ಓಲೆ ಬಿದ್ದ ಮಡು. ಯಾರ ಓಲೆ? ಗೊತ್ತಿಲ್ಲ ಮೇಡಂ,
ಹುಡುಕಿದವರೆಲ್ಲ ಅವರವರ ಅಕ್ಕನ ಹೆಸರು ಹೇಳ್ತಾರೆ.
ಡಬ್ಬಿ ಕುಯ್ಯೆನ್ನುತ್ತಿತ್ತು, ಒಂದೊಂದು ಹೆಸರಿಗೂ
ಅಂಕಿ ಕೊಡುತ್ತಿತ್ತು, ದಶಾಂಶದ ಆಚೆ ಆರು.

ಬಣ್ಣದ ಡಬ್ಬ ನನ್ನ ಕೈಲಿ. ಕಲ್ಲಿಗೊಂದು ಬಾಣ.
ಬೈನೆಮರದ ಹತ್ತಿರ ಹೊಳೆ ಎಡಕ್ಕೆ ಹೊರಳಿ
ಕಣಿವೆಯೊಳಗೆ ಮರೆಯಾಗುತ್ತದಲ್ಲ,
ಅಲ್ಲಿ ಬಾಣದ ಮೂತಿಯನ್ನು ಗುಡ್ಡದ ಕಡೆಗೆ ತಿರುಗಿಸಿದೆ.
"ಇಲ್ಲಿಂದ ಕೆಳಗೆ?"
"ದಾರಿಯಿಲ್ಲ ಮೇಡಂ. ಬರೀ ಬೆತ್ತದ ಹಿಂಡು.
ಕಾಟಿ ಕೂಡ ಇಳಿಯೋಲ್ಲ."

ಅವರು ನನ್ನ ಬೂಟು ನೋಡಿದರು.
ನಡೆದು ಬಂದ ದಾರಿಯೆಲ್ಲ ಕೆಮ್ಮಣ್ಣು,
ಬೂಟಿನ ಹೊಲಿಗೆಯಲ್ಲಿ ಬಿಳಿ ಮರಳು,
ಮರಳಿನಲ್ಲಿ ಒಂದು ಮೀನಿನ ಪೊರೆ, ಮಿಣ್ಣಗೆ.
ಏನೂ ಕೇಳಲಿಲ್ಲ.
ನೀರು ಕುಡಿದರು. ಗುಂಡಿ ಒತ್ತಿದರು.
ದಾರಿ ಇಲ್ಲ, ಎಂದು ತಮ್ಮ ಕೈಯಾರೆ ಬರೆದುಕೊಂಡರು.

ಆ ಒಂದು ಫರ್ಲಾಂಗು ಹಾಗೆ ಉಳಿಯಿತು,
ಹೆಸರಿಲ್ಲದೆ, ಅಂಕಿಯಿಲ್ಲದೆ:
ನೀರುನಾಯಿ ಮರಿ ಹಾಕುವ ಮರಳದಿಣ್ಣೆ,
ಅತ್ತಿಯ ಬೇರಿನ ಅಡಿಯ ಪೊಟರೆ.
ನಾಲ್ಕು ಮರಿ ಈ ಸಲ. ಹೋದ ವರ್ಷ ಎರಡು.
ಈಜಲು ಹೆದರುವ ಮರಿಯ ಕುತ್ತಿಗೆ ಕಚ್ಚಿ
ತಾಯಿ ನೀರಿಗೆ ಎಳೆಯುವುದನ್ನು ನೋಡಿದ್ದೇನೆ,
ನನ್ನಪ್ಪ ನನ್ನನ್ನು ಎಳೆದ ಹಾಗೆಯೇ.
ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ, ಕಾವಲಿಗೆ.
ಕಾವಲಿಗೆ ಎಂದೇ ಅಂದುಕೊಂಡಿದ್ದೆ.

ಫಾಲ್ಗುಣದಲ್ಲಿ ಒಬ್ಬ ಹುಡುಗ, ಬೆನ್ನಿಗೆ ಕಿತ್ತಳೆ ಚೀಲ,
ರಿಜಿಸ್ಟರಿಗೆ ಸಹಿ ಹಾಕುತ್ತ ಅಂದ:
"ಬೈನೆಮರದ ಹತ್ರ ಕೆಳಗೊಂದು ದಾರಿ ಇದೆಯಲ್ಲ ಅಂಕಲ್,
ಚೆನ್ನಾಗಿ ಸವೆದಿದೆ. ಬಾಣ ಬರೆಯೋದು ಮರೆತಿದ್ದೀರಿ."

ಟಾರ್ಚು ಹಿಡಿದು ಓಡಿದೆ. ನಿಜ.
ಬೆತ್ತ ಅತ್ತಿತ್ತ ಸರಿದು ನಿಂತಿದೆ, ದೊರೆ ಬಂದವನಿಗೆ ನಿಂತಂತೆ.
ಒಂದು ಮೊಳ ಅಗಲದ ದಾರಿ, ನುಣ್ಣಗೆ,
ಹಸಿ ಮಣ್ಣಲ್ಲಿ ಹಿಮ್ಮಡಿಯ ಗುರುತು,
ಬಲಗಾಲಿನದು ಹೊರಗಡೆಗೆ ಸವೆದದ್ದು.
ಅಲ್ಲೇ ಕೂತು ಬಲಗಾಲಿನ ಬೂಟು ಬಿಚ್ಚಿ
ಬೆಳಕಿಗೆ ಹಿಡಿದು ನೋಡಿದೆ.
ಬೇಕಿರಲಿಲ್ಲ.

ಸೀಗೆಮುಳ್ಳು ಕಡಿದು ಅಡ್ಡ ಹಾಕಿದ್ದೇನೆ.
ಮೊನ್ನೆ ಮೊದಲ ಮಳೆ. ಮುಳ್ಳಿನಾಚೆ ಕಾಣುವ
ನನ್ನ ಒಂದು ಹೆಜ್ಜೆಯಲ್ಲಿ ನೀರು ನಿಂತಿತ್ತು,
ಅದರಲ್ಲಿ ಕಡಲೆಯಷ್ಟು ಒಂದು ಕಪ್ಪೆ.
ಕೆಳಗಿನಿಂದ ಸಿಳ್ಳೆ ಕೇಳಿತು. ಒಂದು, ಇನ್ನೊಂದು,
ಮೂರನೆಯದೋ ಹೊಳೆಯ ಸದ್ದೋ, ತಿಳಿಯಲಿಲ್ಲ.
ಎಣಿಸಲು ಇಳಿಯಬೇಕೆಂದು ಕಾಲು ತುರಿಸಿತು.

ಗೇಟಿಗೆ ಬಂದು ರಿಜಿಸ್ಟರಿನ ಕೊನೆಯ ಸಾಲಲ್ಲಿ ಬರೆದೆ:
ಹೂವಣ್ಣ, ವಾಚರ್. ಪ್ಲಾಸ್ಟಿಕ್ಕು ಇಲ್ಲ.
ಹೊರಗೆ ಬಂದ ಹೊತ್ತು, ಐದೂ ಮುಕ್ಕಾಲು.
ಒಳಗೆ ಹೋದ ಹೊತ್ತಿನ ಕಾಲಂ ಹಾಗೇ ಇದೆ.
ಇಪ್ಪತ್ತೆರಡು ವರ್ಷದಲ್ಲಿ
ಯಾವುದು ಅಂತ ಬರೆಯಲಿ.