ಗೂರಲು

ಬೈತಖೋಲದ ಬಾಡಿಗೆ ಕೋಣೆಯಲ್ಲಿ
ಎರಡು ದಿಂಬು, ಒಂದು ಅಕ್ಕಿಮೂಟೆ,
ಅದಕ್ಕಾತು ಕೂತೇ ಬೆಳಗು ಮಾಡಿದವಳು ನಾನು.
ದೇವಗಡದ ದೀಪ ಸುತ್ತಿ ಬಂದಾಗ ಒಳಗೆ,
ಹೋದಾಗ ಹೊರಗೆ:
ಉಸಿರಿಗೆ ಆಯಿ ಕಲಿಸಿದ ಮಗ್ಗಿ.

ಹದಿನಾಲ್ಕಕ್ಕೆ ಹೇಳದೆ ಹೋಯಿತು.
ಹರಕೆ ಅಂದಳು ಆಯಿ, ವಯಸ್ಸು ಅಂದರು ಡಾಕ್ಟರು.
ಕಾಳಿಯ ಅಳಿವೆಯಲ್ಲಿ ಈಜಿದೆ,
ಪಿ.ಟಿ. ಟೀಚರಾದೆ, ಕೊರಳಿಗೆ ಸೀಟಿ.

ಮೂವತ್ತೊಂಬತ್ತರ ಡಿಸೆಂಬರು,
ಹೆದ್ದಾರಿಗೆ ಗುಡ್ಡ ಸೀಳಿದ ಧೂಳು.
ಸೀಟಿ ಬಾಯಿಗಿಟ್ಟಿರಲಿಲ್ಲ,
ಎದೆಯೊಳಗೇ ಊದಿತು.
ಓಡುತ್ತಿದ್ದ ಹುಡುಗಿಯರು ನಿಂತೇಬಿಟ್ಟರು.

ರಾತ್ರಿ ಫೋನಿನಲ್ಲಿ ಆಯಿ ಕೇಳಿದ್ದು ಒಂದೇ:
"ದೀಪ ಕಾಣತ್ತೇನೇ ಅಲ್ಲಿಂದ?"
ಎದುರಿಗೆ ಲಾಡ್ಜು ಕಟ್ಟಿದ್ದಾರೆ, ಐದು ಮಹಡಿ.
ನೀಲಿ ಪಂಪು ಒತ್ತಿ,
ಹತ್ತು ಎಣಿಸಿ,
"ಕಾಣತ್ತೆ" ಅಂದೆ.